ಕೋಗಿಲೆಯ ಮೊಟ್ಟೆ, ಕಾಗೆಯ ಒಪ್ಪಿಗೆ

ಕ್ಲಿಫರ್ಡ್ ಸ್ಟಾಲ್ ಬರೆದ ‘ದಿ ಕುಕೂಸ್ ಎಗ್’ (1989) ಮೊದಲ ಓದಿಗೆ ಪತ್ತೇದಾರಿ ಕತೆಯಾಗಿ ಹಿಡಿಸಿತ್ತು. ಈ ಮಳೆಗಾಲದಲ್ಲಿ ಸಿದ್ದಾಪುರದ ಮನೆಯಲ್ಲಿ ಮತ್ತೆ ಓದಿದ್ದಕ್ಕೆ ಕಾರಣ ಬೇರೆ. ಯಾರೂ ಮುಟ್ಟದ ಹೊತ್ತಿನಲ್ಲಿ, ರಾತ್ರಿಯಿಡೀ, ನನ್ನ ಕಂಪ್ಯೂಟರಿನಿಂದ ಡೇಟಾ ಹೊರಗೆ ಹೋಗುತ್ತಿತ್ತು.

ಸ್ಟಾಲ್ ಖಗೋಳ ವಿಜ್ಞಾನಿ. 1986ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗುವುದಿಲ್ಲ. ಅಡಿಕೆ ಪಟ್ಟಿಯಲ್ಲಿ ಎಂಟಾಣೆ ವ್ಯತ್ಯಾಸ ಬಂದರೂ ಶಿರಸಿಯ ಬಸ್ಸು ಹತ್ತುವ ನಮ್ಮ ಅಪ್ಪಯ್ಯನಂಥವರಿಗೆ ಈ ಆರಂಭ ಕೂಡಲೇ ಅರ್ಥವಾಗುತ್ತದೆ. ಆ ಎಳೆ ಪಶ್ಚಿಮ ಜರ್ಮನಿಯ ಹ್ಯಾನೋವರಿನ ಮಾರ್ಕಸ್ ಹೆಸ್‌ವರೆಗೆ, ಮಾಹಿತಿ ಕೊಳ್ಳುತ್ತಿದ್ದ ಕೆಜಿಬಿವರೆಗೆ ಹೋಗುತ್ತದೆ. ನಡುವೆ ಬಿಸ್ಕತ್ತು ಮಾಡುವ ಕ್ರಮವೂ ಇದೆ. ಮನೆವಾರ್ತೆ ಸ್ವಲ್ಪ ಹೆಚ್ಚೇ ಆಯಿತು.

ಪುಸ್ತಕದ ದೊಡ್ಡ ಗುಣ ತಾಳ್ಮೆ. ಕಳ್ಳ ಬಂದ ಬಾಗಿಲನ್ನು ಮುಚ್ಚದೆ, ಲೈನುಗಳಿಗೆ ಪ್ರಿಂಟರ್ ಜೋಡಿಸಿ, ಅವನು ಒತ್ತಿದ ಒಂದೊಂದು ಕೀಲಿಯನ್ನೂ ಕಾಗದಕ್ಕಿಳಿಸಿ, ನೋಟ್‌ಬುಕ್ ಬರೆಯುತ್ತ ಸ್ಟಾಲ್ ಕಾಯುತ್ತಾರೆ. ಶಿರಸಿಯ ಅಂಗಡಿಯಲ್ಲಿ ನನಗೆ ಸಿಕ್ಕ ಸಲಹೆ, ‘ವೈರಸ್ ಇರ್ಬೇಕು, ಫಾರ್ಮ್ಯಾಟ್ ಮಾಡ್ಸಿಬಿಡಿ.’ ಮಾಡಿಸಿದ್ದರೆ ಏನು ಹೋಯಿತು ಎಂಬ ಗುರುತೂ ಅಳಿಯುತ್ತಿತ್ತು. ನಾನೂ ನೋಟ್‌ಬುಕ್ ಇಟ್ಟೆ. ರಿಸೋರ್ಸ್ ಮಾನಿಟರ್ ತೆರೆದು, ಯಾವ ಪ್ರೋಗ್ರಾಂ ಎಷ್ಟು ಕಳಿಸುತ್ತಿದೆ ಎಂದು ಗಂಟೆಗೊಮ್ಮೆ ಬರೆದೆ. ಮೂರನೆಯ ರಾತ್ರಿ ಸಿಕ್ಕಿತು: ಕಂಪ್ಯೂಟರಿನ ಜೊತೆಗೇ ಬಂದಿದ್ದ ಬ್ಯಾಕಪ್ ಪ್ರೋಗ್ರಾಂ. ಅದು ಕಳಿಸುತ್ತಿದ್ದ ಫೋಲ್ಡರಿನಲ್ಲಿ, ಯಲ್ಲಾಪುರದ ಸಿದ್ದಿ ಹೆಂಗಸರು ನನ್ನ ಪಿಎಚ್.ಡಿ.ಗಾಗಿ ಹಾಡಿದ, ಹೇಳಿದ ಧ್ವನಿಮುದ್ರಣಗಳಿದ್ದವು. ಬೇರೆ ಎಲ್ಲಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟು ತಂದವು.

ಇಲ್ಲಿಂದ ಮುಂದೆ ಪುಸ್ತಕ ಜೊತೆ ಬರಲಿಲ್ಲ. ಅದರ ಕಥನಕ್ಕೆ ಹೊರಗಿನಿಂದ ನುಗ್ಗಿದ ಒಬ್ಬ ಬೇಕು. ಶೀರ್ಷಿಕೆಯೇ ಹಾಗಿದೆ: ಗೂಡು ತನ್ನದು, ಮೊಟ್ಟೆ ಇನ್ನೊಬ್ಬರದು. (ಕೋಗಿಲೆಯನ್ನೇ ಹಾಡಿ ಹೊಗಳಿದ ಕನ್ನಡ ಕಾವ್ಯ ಓದಿದವರಿಗೆ ಕಾಗೆಯ ಕಡೆಯಿಂದ ಯೋಚಿಸುವುದೇ ಹೊಸದು.) ನನ್ನಲ್ಲಿಗೆ ಯಾರೂ ನುಗ್ಗಿರಲಿಲ್ಲ. ಕಂಪ್ಯೂಟರ್ ತಂದ ದಿನ ಷರತ್ತು ಓದದೆ ‘ಒಪ್ಪಿಗೆ’ ಒತ್ತಿದವಳು ನಾನೇ. ಅಲ್ಲಿ ಲೆಕ್ಕ ತಪ್ಪಿದ್ದರಿಂದ ಕಳ್ಳತನ ಗೊತ್ತಾಯಿತು. ಇಲ್ಲಿ ಲೆಕ್ಕವೆಲ್ಲ ಸರಿಯಾಗಿಯೇ ಇತ್ತು. 1989ರ ಪುಸ್ತಕ ಇದನ್ನು ಕಾಣಬೇಕಿತ್ತು ಎನ್ನುವುದು ಅನ್ಯಾಯ. ಆದರೆ ಸೈಬರ್ ಅಪರಾಧದ ಇಂದಿನ ಬರಹಗಳೂ ಹೆಚ್ಚಾಗಿ ಅದೇ ಅಚ್ಚಿನವು. ದೂರದೂರಿನ ಮುಸುಕುಧಾರಿ ಇಲ್ಲದಿದ್ದರೆ ಅವಕ್ಕೆ ಕತೆಯೇ ಇಲ್ಲ.

ಬ್ಯಾಕಪ್ ನಿಲ್ಲಿಸಿ, ಅಲ್ಲಿದ್ದ ಪ್ರತಿಗಳನ್ನು ಅಳಿಸಿದ್ದೇನೆ. ‘ಕಳ್ಳ ಸಿಕ್ಕಿದ್ನಾ?’ ಎಂದು ಅಪ್ಪಯ್ಯ ಕೇಳಿದ. ಮುಂದಿನ ವಾರ ಯಲ್ಲಾಪುರಕ್ಕೆ ಹೋಗಿ ಆ ಅಜ್ಜಿಯರಿಗೆ ಹೇಳಬೇಕು. ನೋಟ್‌ಬುಕ್ಕನ್ನೂ ಒಯ್ಯುತ್ತೇನೆ.