ಅರಿವು – ಮರಹು: ಒಂದು ಪದವಿಚಾರ

ಕಾಯಕ, ದಾಸೋಹ, ಪ್ರಸಾದ ಮೊದಲಾದ ಪದಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಇವು ಪಾರಿಭಾಷಿಕ ಪದಗಳು, ಇವುಗಳಿಗೆ ವಿವರಣೆ ಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ‘ಅರಿವು’ ಎಂಬ ಪದದ ಪಾಡು ಬೇರೆ. ಅದು ಅಚ್ಚಗನ್ನಡದ ದಿನಬಳಕೆಯ ಪದವಾದುದರಿಂದ ಅದರ ಅರ್ಥ ಎಲ್ಲರಿಗೂ ಗೊತ್ತೇ ಇದೆ ಎಂದು ಭಾವಿಸಿ ವ್ಯಾಖ್ಯಾನಕಾರರು ಅದನ್ನು ದಾಟಿಹೋಗುತ್ತಾರೆ. ಹಾಗೆ ದಾಟುವಾಗ ಬಹುಮಂದಿ ‘ಅರಿವು ಎಂದರೆ ಜ್ಞಾನ’ ಎಂದು ಆವರಣಚಿಹ್ನೆಯೊಳಗೆ ಬರೆದು ಮುಂದೆ ಸಾಗುವರು. ಈಚಿನವರಲ್ಲಿ ಕೆಲವರು ‘ಪ್ರಜ್ಞೆ’ ಎನ್ನುವರು. ಇನ್ನು ಕೆಲವರು ‘ವೈಚಾರಿಕತೆ’ ಎಂದೇ ಬಿಡುವರು. ಈ ಅರ್ಥಗಳು ಶರಣರ ಮಾತಿಗೆ ಎಷ್ಟರಮಟ್ಟಿಗೆ ಒಪ್ಪುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪದದ ಹುಟ್ಟನ್ನು ನೋಡೋಣ. ಹಳಗನ್ನಡದಲ್ಲಿ ಇದರ ಧಾತು ‘ಅಱಿ’. ಇಲ್ಲಿರುವುದು ಶಕಟರೇಫ, ಇಂದಿನ ವರ್ಣಮಾಲೆಯಿಂದ ಬಿಟ್ಟುಹೋದ ಅಕ್ಷರ. ಅದು ಸಾಮಾನ್ಯ ರಕಾರದೊಡನೆ ಬೆರೆತುಹೋದ ಮೇಲೆ ‘ತಿಳಿ’ ಎಂಬ ಅರ್ಥದ ‘ಅಱಿ’, ಶತ್ರು ಎಂಬ ಅರ್ಥದ ಸಂಸ್ಕೃತದ ‘ಅರಿ’ ಎರಡೂ ಬರವಣಿಗೆಯಲ್ಲಿ ಒಂದೇ ಆದವು. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲರ ನಿಘಂಟು ಈ ಭೇದವನ್ನು ಕಾಪಾಡಿಕೊಂಡಿದೆ. ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ‘ಅಱಿವು’ ಇದೇ ರೂಪದಲ್ಲಿ ಇಂದಿಗೂ ಬದುಕಿದೆ. ತೆಲುಗಿನ ‘ಎಱುಕ’ ಇದರ ಬಂಧು. ಅಂದಮೇಲೆ ಸಂಸ್ಕೃತದ ‘ಜ್ಞಾನ’ ನಮ್ಮ ಮನೆಗೆ ಅತಿಥಿಯಾಗಿ ಬರುವ ಎಷ್ಟೋ ಮುಂಚೆ ಈ ಪದ ಮನೆಯೊಳಗೆ ಇದ್ದಿತು.

ಆ ಕಾಲದಲ್ಲಿ ಇದರ ಅರ್ಥವೇನು ಎಂಬುದಕ್ಕೆ ತಮಿಳಿನ ತೊಲ್ಕಾಪ್ಪಿಯಂ ಒಂದು ಸೊಗಸಾದ ಸುಳಿವನ್ನು ಕೊಡುತ್ತದೆ. ಅದರ ಮರಬಿಯಲ್ ಎಂಬ ಭಾಗದಲ್ಲಿ ಜೀವಿಗಳನ್ನು ಅವುಗಳ ಅರಿವಿನ ಎಣಿಕೆಯಂತೆ ವಿಂಗಡಿಸಲಾಗಿದೆ. ಹುಲ್ಲು ಮರಗಳಿಗೆ ಒಂದೇ ಅರಿವು, ಅದು ಸ್ಪರ್ಶದ್ದು. ಹೀಗೆಯೇ ಒಂದೊಂದೇ ಇಂದ್ರಿಯ ಹೆಚ್ಚುತ್ತ ಇರುವೆಗಳ ವರ್ಗಕ್ಕೆ ಮೂರು ಅರಿವು, ಪಶುಗಳಿಗೆ ಐದು, ಮನಸ್ಸೂ ಸೇರಿ ಮನುಷ್ಯನಿಗೆ ಆರು. ಇಲ್ಲಿ ಅರಿವು ಎಂದರೆ ಓದಿ ಗಳಿಸಿದ ವಿದ್ಯೆಯಲ್ಲ, ತಾಕಿದುದು ತಾಕಿತೆಂದು ಜೀವಕ್ಕೆ ತೋರುವ ಗುಣ. ಮುಟ್ಟಿದರೆ ಮುದುಡಿಕೊಳ್ಳುವ ಮುಟ್ಟಿದರೆಮುನಿ ಗಿಡಕ್ಕೆ ಜ್ಞಾನವಿದೆ ಎನ್ನಲು ನಾವು ಹಿಂಜರಿಯುತ್ತೇವೆ. ಅರಿವಿದೆ ಎನ್ನಲು ಹಿಂಜರಿಯುವುದಿಲ್ಲ. ತಿರುಕ್ಕುರಳ್ ಕೂಡ ಈ ಎರಡನ್ನು ಒಂದು ಮಾಡಿಲ್ಲ. ಅದರಲ್ಲಿ 40ನೆಯ ಅಧಿಕಾರ ಕಲಿಕೆಯನ್ನು, 42ನೆಯದು ಕೇಳ್ಮೆಯನ್ನು ಕುರಿತದ್ದು. 43ನೆಯದು ಅರಿವನ್ನು ಕುರಿತದ್ದು. ಕಲಿಕೆಯೂ ಕೇಳ್ಮೆಯೂ ಅರಿವೇ ಆಗಿದ್ದರೆ ಮೂರು ಅಧಿಕಾರಗಳು ಬೇಕಿರಲಿಲ್ಲ.

ಕನ್ನಡದಲ್ಲಿ ತಿಳಿವಿನ ಪದಗಳ ಸಂಪತ್ತು ದೊಡ್ಡದು. ‘ತಿಳಿ’ ಎಂಬುದಕ್ಕೆ ನಿರ್ಮಲವಾಗು ಎಂಬ ಅರ್ಥವೂ ಇದೆ. ತಿಳಿನೀರು, ತಿಳಿಸಾರು ಎನ್ನುವುದಿಲ್ಲವೆ? ಮಡ್ಡಿ ಕೆಳಗಿಳಿದು ನೀರು ತಿಳಿಯಾದಂತೆ ಬುದ್ಧಿ ತಿಳಿಯಾಗುವುದೇ ತಿಳಿವಳಿಕೆ. ‘ಬಲ್ಲ’ ಎಂಬುದರಲ್ಲಿ ಸಾಮರ್ಥ್ಯವಿದೆ. ಈಜಬಲ್ಲವನು ನೀರಿಗೆ ಬಿದ್ದರೆ ಈಜುವನು, ಈಜನ್ನು ಕುರಿತ ಪುಸ್ತಕ ಓದಿದವನು ಮುಳುಗುವನು. ‘ಗೊತ್ತು’ ಎಂಬುದು ಗುರುತಿಗೆ, ನಿಗದಿಗೆ ಸಂಬಂಧಿಸಿದ್ದು. ಗೊತ್ತುಗುರಿ, ಗೊತ್ತುಪಡಿಸು ಎಂಬ ಮಾತುಗಳನ್ನು ನೆನೆಯಬಹುದು. ಇವುಗಳ ನಡುವೆ ‘ಅರಿ’ ತನ್ನದೇ ಸ್ಥಾನವನ್ನು ಹಿಡಿದಿದೆ. ತಾಯಿ ಕೂಸಿನ ಹಸಿವನ್ನು ಅರಿಯುತ್ತಾಳೆ. ಅದನ್ನು ಅವಳಿಗೆ ಯಾರೂ ಹೇಳಿಲ್ಲ, ಕೂಸಿಗೆ ಹೇಳಲು ಬಾಯಿಲ್ಲ. ‘ಅರಿಯದ ಮಕ್ಕಳು’ ಎಂದಾಗ ಪಾಠ ಬಾರದ ಮಕ್ಕಳು ಎಂದು ಯಾರೂ ಅರ್ಥಮಾಡುವುದಿಲ್ಲ. ಮಾಡುತ್ತಿರುವುದು ಏನೆಂದು ಕಾಣದ ಮಕ್ಕಳು ಎಂದೇ ತಿಳಿಯುತ್ತಾರೆ. ಹಳೆಯ ಪುಸ್ತಕಗಳ ಮೊದಲಿಗೆ ಗ್ರಂಥಕರ್ತರು ‘ಅರಿಕೆ’ ಎಂಬ ಶಿರೋನಾಮೆಯಲ್ಲಿ ಎರಡು ಮಾತು ಬರೆಯುತ್ತಿದ್ದರು. ಅದೂ ಇದೇ ಧಾತುವಿನದು. ‘ಮನವರಿಕೆ’ ಎಂಬ ಪದವನ್ನಂತೂ ನಮ್ಮ ವಕೀಲರು, ರಾಜಕಾರಣಿಗಳು ದಿನಕ್ಕೆ ಹತ್ತು ಬಾರಿ ಬಳಸುತ್ತಾರೆ. ಅದರೊಳಗೆ ಮನ ಅರಿಯಬೇಕು ಎಂಬ ಮಾತಿದೆ ಎಂಬುದನ್ನು ಅವರು ಗಮನಿಸಿದ್ದಾರೆಯೋ ಕಾಣೆವು.

ಇರಲಿ. ವಚನಗಳಲ್ಲಿ ಈ ಪದದ ಅರ್ಥವನ್ನು ನಿರ್ಣಯಿಸಲು ನಮಗಿರುವ ಅತ್ಯಂತ ವಿಶ್ವಸನೀಯ ಸಾಧನ ಅದರ ವಿರುದ್ಧಪದ. ಯಾವುದೇ ಪದವನ್ನು ಅದರ ಎದುರಾಳಿಯಿಂದ ಗುರುತಿಸಬಹುದು. ಜ್ಞಾನದ ಎದುರಾಳಿ ಅಜ್ಞಾನ. ಎಚ್ಚರದ ಎದುರಾಳಿ ನಿದ್ದೆ. ಶರಣರು ಅರಿವಿಗೆ ಎದುರಾಗಿ ಮತ್ತೆ ಮತ್ತೆ ನಿಲ್ಲಿಸುವುದು ‘ಮರಹು’ ಎಂಬುದನ್ನು. ಅರಿವು-ಮರವೆ, ಅರುಹು-ಮರಹು ಎಂಬ ಜೋಡಿ ವಚನಸಾಹಿತ್ಯದ ಉದ್ದಕ್ಕೂ ಹರಡಿದೆ; 15 ಸಂಪುಟಗಳಲ್ಲಿ ಪ್ರಕಟವಾಗಿರುವ ಸಮಗ್ರ ವಚನ ಸಂಪುಟದಲ್ಲಿ ಎಲ್ಲಿ ಕೈಯಿಟ್ಟರೂ ಇದು ಸಿಕ್ಕೀತು. ಈ ಜೋಡಿಯ ಮಹತ್ವವೇನು? ಅಜ್ಞಾನವೆಂದರೆ ಇಲ್ಲದಿರುವುದು, ಹೊರಗಿನಿಂದ ತಂದು ತುಂಬಬೇಕಾದದ್ದು. ಮರಹು ಎಂದರೆ ಇದ್ದುದನ್ನು ಇಲ್ಲವೆಂಬಂತೆ ಇರುವುದು. ಮರೆತವನಿಗೆ ಹೊಸದಾಗಿ ಕೊಡಬೇಕಾದುದು ಏನೂ ಇಲ್ಲ, ನೆನಪಿಸಿದರೆ ಸಾಕು. ಆದುದರಿಂದ ಅರಿವನ್ನು ಜ್ಞಾನವೆಂದು ಅನುವಾದಿಸಿದ ಕೂಡಲೇ ಮರಹು ಅಜ್ಞಾನವಾಗುತ್ತದೆ, ಶರಣರ ಇಡೀ ದೃಷ್ಟಿ ಒಂದು ಮಗ್ಗುಲಿಗೆ ವಾಲುತ್ತದೆ. ಅಕ್ಷರ ಬಾರದವನು ಅಜ್ಞಾನಿ ಎಂಬ ತೀರ್ಮಾನಕ್ಕೆ ದಾರಿ ಸುಗಮವಾಗುತ್ತದೆ. ಕಟ್ಟಿಗೆ ಮಾರುವವನೂ ಅಕ್ಕಿ ಆಯುವವಳೂ ಅನುಭಾವಿಗಳ ಸಾಲಿನಲ್ಲಿ ಸರಿಸಮನಾಗಿ ಕುಳಿತುದು ಅವರು ಗ್ರಂಥಗಳನ್ನು ಓದಿದ್ದರಿಂದಲ್ಲ. ಮರೆಯದೆ ಇದ್ದುದರಿಂದ.

ಹಾಗಾದರೆ ಹಿಂದಿನ ವಿದ್ವಾಂಸರು ಜ್ಞಾನ ಎಂಬ ಪದವನ್ನು ಏಕೆ ಬಳಸಿದರು ಎಂಬ ಪ್ರಶ್ನೆ ಏಳುತ್ತದೆ. ಸಂಸ್ಕೃತದಲ್ಲಿ ತತ್ತ್ವವನ್ನು ಪ್ರತಿಪಾದಿಸುವವನಿಗೆ ಅದಕ್ಕಿಂತ ಹತ್ತಿರದ ಪದ ಸುಲಭವಾಗಿ ದೊರೆಯುವುದಿಲ್ಲ. ಅದು ಅವರ ಅಪರಾಧವಲ್ಲ, ಭಾಷೆಯ ಮಿತಿ. ಆದರೆ ಕನ್ನಡದಲ್ಲಿ ಬರೆಯುವ ನಮಗೆ ಆ ಮಿತಿ ಇಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಕಲಿತ ನಾವೇ ಈ ಮಾತನ್ನು ಹೇಳುತ್ತಿರುವುದರಿಂದ ಸಂಸ್ಕೃತದ್ವೇಷವೆಂದು ಯಾರೂ ಭಾವಿಸಲಾರರೆಂದು ನಂಬಿದ್ದೇವೆ.

‘ಪ್ರಜ್ಞೆ’ಯ ಕಥೆ ಇನ್ನೂ ವಿಚಿತ್ರ. ಬೌದ್ಧರಲ್ಲಿ ಶೀಲ, ಸಮಾಧಿ, ಪ್ರಜ್ಞೆ ಎಂಬ ಮೂರರಲ್ಲಿ ಕೊನೆಯದು ಇದು. ಅಲ್ಲಿ ಇದು ಅತ್ಯುನ್ನತ ವಿವೇಕ. ಮಾಂಡೂಕ್ಯೋಪನಿಷತ್ತು ‘ಪ್ರಾಜ್ಞ’ ಎಂದು ಹೆಸರಿಸುವುದಾದರೋ ಗಾಢನಿದ್ದೆಯಲ್ಲಿರುವ ಆತ್ಮನನ್ನು. ಇಂದಿನ ಕನ್ನಡದಲ್ಲಿ ಪ್ರಜ್ಞೆ ತಪ್ಪಿತೆಂದರೆ ಮೂರ್ಛೆಹೋದನೆಂದು ಅರ್ಥ. ಸಮಯಪ್ರಜ್ಞೆ, ಪೌರಪ್ರಜ್ಞೆ, ಸಾಮಾಜಿಕಪ್ರಜ್ಞೆ ಎಂಬ ಸಮಾಸಗಳು ಬಂದಮೇಲಂತೂ ಇಂಗ್ಲಿಷಿನ ‘ಕಾನ್ಷಸ್‌ನೆಸ್’ ಎಂಬುದನ್ನು ಹೊತ್ತು ತಿರುಗುವ ಗಾಡಿಯಾಗಿದೆ. ಇಷ್ಟು ಭಾರ ಹೊತ್ತ ಪದವನ್ನು ಅಲ್ಲಮಪ್ರಭುವಿನ ಮಾತಿನ ಮೇಲೆ ಹೇರುವುದು ಯುಕ್ತವಲ್ಲ.

ಇಲ್ಲಿ ಒಂದು ಪ್ರಸಂಗವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಒಬ್ಬ ರೈತ ಮಹಿಳೆ ಮಠಕ್ಕೆ ಬಂದು ಕೇಳಿದರು: “ಅಜ್ಜಾರ, ಸೂಜಿ ಮಾಡಿದ ಮ್ಯಾಲೆ ನನಗ ಏನೂ ಖಬರ ಇರಲಿಲ್ಲರಿ. ಕೊಯ್ದಿದ್ದೂ ಗೊತ್ತಾಗಲಿಲ್ಲ, ಹೊಲದಿದ್ದೂ ಗೊತ್ತಾಗಲಿಲ್ಲ. ಅರಿವೇ ದೇವರು ಅಂತ ನೀವು ಪುರಾಣದಾಗ ಹೇಳತೀರಿ. ಆವಾಗ ಅದು ಎಲ್ಲಿ ಹೋಗಿತ್ತರಿ?” ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗದಲ್ಲಿ ನಮಗೆ ಯಾರೂ ಇಷ್ಟು ನೇರವಾದ ಪ್ರಶ್ನೆಯನ್ನು ಕೇಳಿರಲಿಲ್ಲ. ವೈದ್ಯರು ಆ ಔಷಧಕ್ಕೆ ಕೊಟ್ಟಿರುವ ಕನ್ನಡ ಹೆಸರೇ ‘ಅರಿವಳಿಕೆ’, ಅರಿವನ್ನು ಅಳಿಸುವುದು. ತೊಲ್ಕಾಪ್ಪಿಯಂ ಹೇಳುವ ಇಂದ್ರಿಯದ ಅರಿವಿಗೆ ಅದು ತಕ್ಕ ಹೆಸರೇ ಸರಿ, ಬಹಳ ಚೆನ್ನಾಗಿ ಟಂಕಿಸಿದ ಪದ. ಆದರೆ ಆ ತಾಯಿ ತನ್ನ ಮಾತಿನಲ್ಲಿಯೇ ಉತ್ತರವನ್ನೂ ತಂದಿದ್ದರು. ಸೂಜಿ ಕಳೆದದ್ದನ್ನು ಅವರು ‘ಖಬರ’ ಎಂದರು, ‘ಅರಿವು’ ಎನ್ನಲಿಲ್ಲ. ಅರಬ್ಬಿ ಮೂಲದ ಈ ಪದ ಉತ್ತರ ಕರ್ನಾಟಕದಲ್ಲಿ ಮೈಮೇಲಿನ ಎಚ್ಚರಕ್ಕೆ ನಿಂತುಬಿಟ್ಟಿದೆ. ಖಬರು ಹೋದವನಿಗೆ ಮರಹಿನ ದೋಷವಿಲ್ಲ. ಮರಹು ಬರುವುದು ಖಬರಿದ್ದಾಗಲೇ. ಕಣ್ಣು ತೆರೆದು, ಲೆಕ್ಕ ಬರೆದು, ತಕ್ಕಡಿ ಹಿಡಿದು ಕುಳಿತಾಗಲೇ. ತಕ್ಕಡಿಯ ಕೆಳಗೆ ಬೆರಳಿಡುವ ವ್ಯಾಪಾರಿಯಷ್ಟು ಎಚ್ಚರವಾಗಿರುವವನು ಬೇರೊಬ್ಬನಿಲ್ಲ. ಅವನಿಗೆ ಎಚ್ಚರವೂ ಇದೆ, ಜ್ಞಾನವೂ ಇದೆ, ಅಂಗಡಿಯ ಮಟ್ಟಿಗೆ ಸಮಯಪ್ರಜ್ಞೆಯೂ ಇದೆ. ಇಲ್ಲದಿರುವುದು ಅರಿವು. ಹೀಗೆ ವಿವರಿಸಿದಾಗ ಆ ತಾಯಿ ತಲೆಯಾಡಿಸಿದರು. ಪೂರ್ತಿ ಒಪ್ಪಿದರೆಂದು ನಾವು ಹೇಳಲಾರೆವು.

ಶರಣರ ಅರಿವು ಆಚಾರದಿಂದ ಬೇರೆಯಾಗಿ ನಿಲ್ಲುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಅದಕ್ಕೆ ‘ಕುರುಹು’ ಬೇಕಾದುದೂ ಈ ಕಾರಣಕ್ಕಾಗಿಯೇ. ಅಂಗೈಯ ಇಷ್ಟಲಿಂಗ ಅರಿವಿನ ಕುರುಹು. ಮರೆಯುವ ಸ್ವಭಾವದವನಿಗಲ್ಲದೆ ಕುರುಹಿನ ಅಗತ್ಯ ಯಾರಿಗೆ? ಜ್ಞಾನಕ್ಕೆ ಪ್ರಮಾಣ ಬೇಕು, ಅರಿವಿಗೆ ಕುರುಹು ಬೇಕು. ಈ ವ್ಯತ್ಯಾಸವನ್ನು ಕಾಣದೆ ಕುರುಹಿನ ಪೂಜೆಯನ್ನು ಮೂರ್ತಿಪೂಜೆಯ ಇನ್ನೊಂದು ರೂಪವೆಂದು ಬರೆದವರಿದ್ದಾರೆ. ಕುರುಹನ್ನೇ ಹಿಡಿದು ಅರಿವನ್ನು ಬಿಟ್ಟವರನ್ನು ವಚನಕಾರರೇ ಸಾಕಷ್ಟು ಕಟುವಾಗಿ ಟೀಕಿಸಿರುವಾಗ ಹೊಸ ಟೀಕೆಯ ಅವಶ್ಯಕತೆ ಇರಲಿಲ್ಲ.

ಇನ್ನು ‘ಅರಿವೇ ಗುರು’ ಎಂಬ ಪ್ರಸಿದ್ಧ ನುಡಿ. 1949ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇದನ್ನೇ ತನ್ನ ಧ್ಯೇಯವಾಕ್ಯವಾಗಿ ಇಟ್ಟುಕೊಂಡಿದೆ. ಪದವಿಪತ್ರದ ಮೇಲೆ ಇದನ್ನು ಓದುವ ವಿದ್ಯಾರ್ಥಿ ಸಹಜವಾಗಿ ವಿದ್ಯೆಯೇ ಗುರು ಎಂದು ತಿಳಿಯುವನು. ಮಠದ ವೇದಿಕೆಗಳಲ್ಲಿ ಇದಕ್ಕೆ ಬೇರೆಯೇ ಅರ್ಥ ಕೇಳಿಬರುತ್ತದೆ: ‘ಗುರುವೇ ಅರಿವು, ಆದುದರಿಂದ ಗುರುವಿಗೆ ಶರಣಾಗು’. ಈ ವ್ಯಾಖ್ಯಾನವನ್ನು ವ್ಯಾಕರಣ ಒಪ್ಪುವುದಿಲ್ಲ. ಅವಧಾರಣೆಯ ಏಕಾರ ಹತ್ತಿರುವುದು ಅರಿವಿಗೆ, ಗುರುವಿಗಲ್ಲ. ‘ರಾಮನೇ ಬಂದ’ ಎಂದರೆ ಬಂದವನು ರಾಮನೇ ಹೊರತು ಬೇರೊಬ್ಬನಲ್ಲ ಎಂದರ್ಥ. ಹಾಗೆಯೇ ಇಲ್ಲಿ ಗುರು ಎನಿಸಿಕೊಳ್ಳುವುದು ಅರಿವೇ ಹೊರತು ಬೇರೆಯಲ್ಲ. ಪೀಠವಲ್ಲ, ಕಾವಿಯಲ್ಲ, ಪರಂಪರೆಯ ಪಟ್ಟಿಯಲ್ಲ. ವಾಕ್ಯವನ್ನು ತಲೆಕೆಳಗು ಮಾಡಿದರೆ ಪೀಠಸ್ಥರಿಗೆ ಅನುಕೂಲವಾದೀತು. ಆದರೆ ಅದು ಶರಣರ ಮಾತಾಗಿ ಉಳಿಯದು. ಪೀಠದ ಮೇಲೆ ಕುಳಿತವರು ಇದನ್ನು ಬರೆಯುವುದು ಮುಜುಗರದ ಕೆಲಸ; ಆದರೂ ಏಕಾರ ಇದ್ದಲ್ಲಿಯೇ ಇದೆ. ಹಾಗೆಂದು ಗುರುವೇ ಬೇಡ ಎಂದು ಇದೇ ನುಡಿಯನ್ನು ಬೀಸುವ ತರುಣರ ವಾದವೂ ನಿಲ್ಲುವುದಿಲ್ಲ. ಮರೆತವನು ತಾನು ಮರೆತಿದ್ದೇನೆಂಬುದನ್ನೂ ಮರೆತಿರುತ್ತಾನೆ, ನೆನಪಿಸುವವನೊಬ್ಬ ಬೇಕು. ಆ ನೆನಪಿಸುವವನ ಅಧಿಕಾರ ನೆನಪಿಸುವವರೆಗೆ ಮಾತ್ರ.

ಈ ಕೆಲಸಕ್ಕೆ ಕನ್ನಡದಲ್ಲಿ ಒಂದು ಕ್ರಿಯಾಪದವೇ ಇತ್ತು: ‘ಅರುಹು’. ಹಳಗನ್ನಡದ ‘ಅಱಿಪು’ ಪಕಾರ ಹಕಾರವಾಗಿ ಈ ರೂಪ ತಾಳಿತು. ಅರಿಯುವಂತೆ ಮಾಡು ಎಂದು ಅರ್ಥ. ಅರಿವೆಂಬ ನಾಮಪದವೂ ವಚನಗಳಲ್ಲಿ ಇದೇ ರೂಪದಲ್ಲಿ ಬರುವುದು ವಿಶೇಷ. ಅರಿಯುವುದೂ ಅರುಹುವುದೂ ಒಂದೇ ಪದದಲ್ಲಿ ಕೂಡಿಕೊಂಡಿವೆ. ಇಂದು ಅದರ ಸ್ಥಾನದಲ್ಲಿ ‘ಅರಿವು ಮೂಡಿಸು’ ಬಂದಿದೆ. ಕಾನೂನು ಅರಿವು, ಆರೋಗ್ಯ ಅರಿವು, ಸಂಚಾರ ನಿಯಮಗಳ ಅರಿವು, ಎಲ್ಲೆಡೆ ಕಾರ್ಯಕ್ರಮಗಳು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೂ ‘ಅರಿವು ಕೇಂದ್ರ’ ಎಂಬ ಹೆಸರಾಗಿದೆ. ಪದ ಜನರ ನಾಲಗೆಯ ಮೇಲೆ ಉಳಿದುದಕ್ಕೆ ಸಂತೋಷವೇ. ಆದರೆ ಈ ಕಾರ್ಯಕ್ರಮಗಳಲ್ಲಿ ಹಂಚುವುದು ಮಾಹಿತಿ. ಮಾಹಿತಿ ಪತ್ರಕ್ಕೆ ಅರಿವಿನ ಪತ್ರವೆಂದು ಹೆಸರಿಟ್ಟರೆ ಓದಿದವನು ತನಗೆ ಅರಿವಾಯಿತೆಂದು ನಂಬಿಬಿಡುವ ಅಪಾಯವಿದೆ. ಹೆಲ್ಮೆಟ್ ಧರಿಸಬೇಕೆಂಬುದು ಗೊತ್ತಿಲ್ಲದ ಸವಾರ ನಾಡಿನಲ್ಲಿ ಯಾರಿದ್ದಾರೆ?

ಅನುವಾದಕರಿಗೆ ನಮ್ಮದೊಂದು ಸೂಚನೆ. ಇಂಗ್ಲಿಷಿನಲ್ಲಿ ‘ನಾಲೆಜ್’, ‘ಅವೇರ್‌ನೆಸ್’, ‘ಕಾನ್ಷಸ್‌ನೆಸ್’ ಎಂಬ ಮೂರರ ನಡುವೆ ಓಲಾಡುವುದಕ್ಕಿಂತ, ಕಾಯಕ ದಾಸೋಹಗಳನ್ನು ಹೇಗೆ ಹಾಗೆಯೇ ಉಳಿಸಿಕೊಳ್ಳುತ್ತಾರೋ ಹಾಗೆ ಅರಿವನ್ನೂ ಉಳಿಸಿಕೊಳ್ಳುವುದು ಲೇಸು. ಟಿಪ್ಪಣಿ ಬರೆಯುವುದಾದರೆ ಮರಹನ್ನು ಅದರ ಪಕ್ಕದಲ್ಲಿಯೇ ಇಟ್ಟು ಬರೆಯಬೇಕು. ವಚನಗಳಿಗೆ ಕನ್ನಡದಲ್ಲಿಯೇ ಗದ್ಯಾನುವಾದ ಮಾಡುವವರು ‘ಅರಿವು’ ಇದ್ದಲ್ಲಿ ‘ಜ್ಞಾನ’ ಎಂದು ಬದಲಿಸುವುದನ್ನಂತೂ ನಿಲ್ಲಿಸಬೇಕು. ಸುಲಭವಾದ ಪದವನ್ನು ತೆಗೆದು ಕಷ್ಟದ್ದನ್ನು ಇಡುವುದು ಯಾವ ಬಗೆಯ ಸರಳೀಕರಣ? ತಮಿಳಿಗೆ ತರುವವರಿಗೆ ಮಾತ್ರ ಈ ತೊಡಕಿಲ್ಲವೆಂದು ತೋರಬಹುದು, ಅಲ್ಲಿ ಪದ ಸಿದ್ಧವಾಗಿಯೇ ಇದೆ. ಆದರೆ ಇಂದಿನ ತಮಿಳಿನಲ್ಲಿ ಅಱಿವು ಬುದ್ಧಿಶಕ್ತಿಯ ಕಡೆಗೆ ಬಹಳ ವಾಲಿದೆ. ಅವರೂ ಒಂದು ಟಿಪ್ಪಣಿ ಬರೆಯಬೇಕಾದೀತು.