ಕೆ. ಸಿ. ರೆಡ್ಡಿಯವರ ಚರಿತ್ರೆ: ವಿಶೇಷಣವೂ ವಿಶೇಷ್ಯವೂ

ಕ್ಯಾಸಂಬಳ್ಳಿಯ ಚೆಂಗಲರಾಯ ರೆಡ್ಡಿಯವರನ್ನು ಕುರಿತ ಲೇಖನಗಳಲ್ಲಿ ‘ಮೈಸೂರಿನ ಪ್ರಥಮ ಮುಖ್ಯಮಂತ್ರಿ’ ಎಂಬ ಮಾತು ತಪ್ಪದೆ ಬರುತ್ತದೆ. ವಿಚಾರವು ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ವಿಶೇಷಣವು ವಿಶೇಷ್ಯವನ್ನು ಬೆಳಗಬೇಕಲ್ಲದೆ ನುಂಗಬಾರದು. ‘ಪ್ರಥಮ’ ಎಂಬುದು ಕ್ರಮವನ್ನು ತಿಳಿಸೀತು, ಗುಣವನ್ನಲ್ಲ.

ಗುಣವು ಕಾಣುವುದು ಪದವಿಗೆ ಹಿಂದಣ ವರ್ಷಗಳಲ್ಲಿ. 1930ರಲ್ಲಿ ಅವರು ಸಂಗಡಿಗರೊಡನೆ ಕಟ್ಟಿದ ಪ್ರಜಾಪಕ್ಷವು ಪ್ರಜಾಮಿತ್ರ ಮಂಡಲಿಯೊಡನೆ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು. 1937ರಲ್ಲಿ ಅದೂ ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ತಾನು ಕಟ್ಟಿದ ಮನೆಯ ಹೆಸರನ್ನು ಎರಡು ಬಾರಿ ಅಳಿಸಲೊಪ್ಪುವ ನಾಯಕರು ವಿರಳ. ಈ ಒಗ್ಗೂಡಿಕೆಯಿಲ್ಲದೆ 1947ರ ‘ಮೈಸೂರು ಚಲೋ’ ಚಳವಳಿಗೆ ಅಷ್ಟು ಬಲ ಬರುತ್ತಿರಲಿಲ್ಲ. 1881ರಲ್ಲಿ ಸ್ಥಾಪಿತವಾದ ಪ್ರಜಾಪ್ರತಿನಿಧಿ ಸಭೆಯು ಅಹವಾಲುಗಳನ್ನು ಹೇಳಿಕೊಳ್ಳಬಹುದಾಗಿತ್ತೇ ಹೊರತು, ದಿವಾನರು ಹೊಣೆಗಾರರಾಗಿದ್ದುದು ಮಹಾರಾಜರಿಗೆ. 1947ನೆಯ ಅಕ್ಟೋಬರ್ 25ರಂದು ರೆಡ್ಡಿಯವರ ಮಂತ್ರಿಮಂಡಲ ಬಂದಾಗ ಆ ಹೊಣೆಯ ಮುಖವು ಪ್ರಜೆಗಳ ಕಡೆಗೆ ತಿರುಗಿತು. ಇದೇ ಅವರ ಕೀರ್ತಿ.

ಆದರೆ ಸ್ತುತಿಕಾರರು ಮೌನ ವಹಿಸುವ ಸ್ಥಳ ಒಂದುಂಟು. ಅವರ ಹುಟ್ಟೂರಿಗೆ ಸಮೀಪದಲ್ಲೇ ನಂದಿದುರ್ಗ ಮೊದಲಾದ ಚಿನ್ನದ ಗಣಿಗಳಿವೆ. ರೆಡ್ಡಿಯವರು ಹುಟ್ಟಿದ 1902ರಲ್ಲೇ ಶಿವನಸಮುದ್ರದ ವಿದ್ಯುಚ್ಛಕ್ತಿಯು ಆ ಗಣಿಗಳಿಗೆ ಹರಿದುಬಂದಿತು. ಬೆಂಗಳೂರಿಗೆ ಅದು ತಲಪಿದ್ದು 1905ರಲ್ಲಿ. ಪ್ರಜಾಪಕ್ಷವು ಹುಟ್ಟಿದ 1930ರಲ್ಲೇ ಗಣಿಯ ಕೂಲಿಗಾರರು ಬೆರಳಚ್ಚಿನ ನಿರ್ಬಂಧವನ್ನು ಪ್ರತಿಭಟಿಸಿ ಕೆಲಸ ನಿಲ್ಲಿಸಿದರು. ನಾಯಕರ ಚರಿತ್ರೆಯಲ್ಲಿ ಈ ಎರಡನೆಯ ಸಂಗತಿಗೆ ಒಂದು ಸಾಲೂ ದೊರಕದಿರುವುದು ಸರಿಯಲ್ಲ. ಮಾನವನ್ನು ಬೇಡಿದವರು ವಿದ್ಯಾವಂತರು ಮಾತ್ರವೇ?

ರೆಡ್ಡಿಯವರು 1952ರವರೆಗೆ ಅಧಿಕಾರದಲ್ಲಿದ್ದರು. ಆ ಕಾಲವೆಲ್ಲ ಗಣಿಗಳ ಆಡಳಿತವು ಜಾನ್ ಟೇಲರ್ ಸಂಸ್ಥೆಯ ಕೈಯಲ್ಲೇ ಉಳಿಯಿತು. ಮೈಸೂರು ಸರ್ಕಾರವು ಅವನ್ನು ವಹಿಸಿಕೊಂಡ 1956ರಲ್ಲಿ ಅವರು ದೆಹಲಿಯಲ್ಲಿ ಕೇಂದ್ರದ ಉತ್ಪಾದನಾ ಸಚಿವರು. ಹೊಸ ಸರ್ಕಾರವು ಚಿನ್ನದ ರಾಜಧನವನ್ನು ಅಲುಗಿಸಲು ಹಿಂಜರಿದಿದ್ದರೆ ಅದು ಕ್ಷಮ್ಯವೇ. ಆದರೆ ಕ್ಷಮೆಗೆ ಮುನ್ನ ಪ್ರಶ್ನೆಯನ್ನಾದರೂ ಕೇಳಬೇಡವೆ? ಕೇಳದೆ ಬರೆದದ್ದು ವಂದಿಮಾಗಧರ ಪಾಠ.

1965ರಿಂದ 1971ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರಾಗಿದ್ದು, ರೆಡ್ಡಿಯವರು 1976ರಲ್ಲಿ ದಿವಂಗತರಾದರು. ಗಣಿಗಳು 2001ರಲ್ಲಿ ಮುಚ್ಚಿದವು. ಸುರಂಗಕ್ಕಿಳಿದು ದುಡಿದವರ ಮನೆಗಳಲ್ಲಿ ಹಳೆಯ ನೆನಪುಗಳು ಇನ್ನೂ ಉಳಿದಿವೆ. ಚರಿತ್ರಕಾರರು ಕ್ಯಾಸಂಬಳ್ಳಿಗೆ ಹೋದ ದಿನವೇ ನಂದಿದುರ್ಗಕ್ಕೂ ಹೋಗಿಬರಬಹುದು, ದೂರವೇನೂ ಇಲ್ಲ.