‘ಫೋಟೋಪ್ಲೇ’ ಪತ್ರಿಕೆ ಮತ್ತು ಪ್ರೇಕ್ಷಕನ ತೀರ್ಪು

ಜನಪ್ರಿಯ ಪತ್ರಿಕೆಗಳನ್ನು ಗಂಭೀರವಾದ ಅಭ್ಯಾಸದ ಹೊರಗಿಡುವುದು ವಿದ್ವಾಂಸರ ರೂಢಿ. ಚಲಚ್ಚಿತ್ರಾಭಿಮಾನಿಗಳಿಗಾಗಿಯೇ ಹೊರಡುವ ಪತ್ರಿಕೆಗಳ ವಿಷಯದಲ್ಲಂತೂ ಈ ಉಪೇಕ್ಷೆ ಇನ್ನೂ ಹೆಚ್ಚು. ನಟನಟಿಯರ ಭಾವಚಿತ್ರ, ಅವರ ಮನೆವಾರ್ತೆ, ಸೌಂದರ್ಯಸಾಧನಗಳ ಜಾಹೀರಾತು, ಇವುಗಳಾಚೆಗೆ ಅಲ್ಲಿ ಏನಿದೆಯೆಂದು ಕೇಳುವವರುಂಟು. ಅಮೆರಿಕದ ‘ಫೋಟೋಪ್ಲೇ’ ಮಾಸಪತ್ರಿಕೆಯ ಚರಿತ್ರೆಯನ್ನು ಪರಿಶೀಲಿಸಿದರೆ ಈ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲವೆಂಬುದು ವ್ಯಕ್ತವಾಗುತ್ತದೆ.

ಈ ಪತ್ರಿಕೆ ೧೯೧೧ರಲ್ಲಿ ಷಿಕಾಗೋ ನಗರದಲ್ಲಿ ಹುಟ್ಟಿತು. ‘ಮೋಷನ್ ಪಿಕ್ಚರ್ ಸ್ಟೋರಿ ಮ್ಯಾಗಜೀನ್’ ಎಂಬ ಮತ್ತೊಂದು ಪತ್ರಿಕೆಯೂ ಅದೇ ವರ್ಷ ಹೊರಟಿತು. ಮೊದಲಲ್ಲಿ ಇವೆರಡಕ್ಕೂ ಆಧಾರವಾಗಿದ್ದುದು ನಟರಲ್ಲ, ಕಥೆ. ಮೂಕಚಿತ್ರಗಳ ವಸ್ತುವನ್ನು ಸಣ್ಣಕಥೆಯ ರೂಪದಲ್ಲಿ ಮರಳಿ ಹೇಳುವುದೇ ಇವುಗಳ ಮುಖ್ಯ ಕಾರ್ಯವಾಗಿತ್ತು. ಅಲ್ಲಿಯವರೆಗೆ ನಟರ ಹೆಸರುಗಳನ್ನು ಸಾಮಾನ್ಯವಾಗಿ ಮರೆಯಲ್ಲಿಟ್ಟಿದ್ದ ನಿರ್ಮಾಪಕರು ಆಗತಾನೆ ಅವನ್ನು ಪ್ರಕಟಿಸತೊಡಗಿದ್ದರು. ಹೆಸರು ತಿಳಿದೊಡನೆ ಓದುಗರ ಕುತೂಹಲ ಪಾತ್ರದಿಂದ ಪಾತ್ರಧಾರಿಯ ಕಡೆಗೆ ತಿರುಗಿತು. ಪತ್ರಿಕೆಯೂ ಅದನ್ನೇ ಅನುಸರಿಸಿತು.

ಆದರೆ ಈ ತಿರುವನ್ನು ಕೇವಲ ಅವನತಿಯೆಂದು ಎಣಿಸುವುದು ಸರಿಯಲ್ಲ. ೧೯೩೨ರಲ್ಲಿ ತೀರಿಕೊಳ್ಳುವವರೆಗೂ ಪತ್ರಿಕೆಯನ್ನು ನಡೆಸಿದ ಜೇಮ್ಸ್ ಕ್ವರ್ಕ್ ಅವರ ಕಾಲದಲ್ಲಿ ತಾರೆಯರ ವಾರ್ತೆಯ ಜೊತೆಗೆ ವಿಮರ್ಶೆಯೂ ಬೆಳೆಯಿತು. ಟೆರಿ ರ್‍ಯಾಮ್ಸೆ ಬರೆದ ಚಲಚ್ಚಿತ್ರದ ಚರಿತ್ರೆ ಧಾರಾವಾಹಿಯಾಗಿ ಬೆಳಕು ಕಂಡದ್ದು ಈ ಪತ್ರಿಕೆಯಲ್ಲಿಯೇ. ೧೯೨೬ರಲ್ಲಿ ಅದು ಗ್ರಂಥರೂಪವನ್ನು ತಳೆಯಿತು. ಇದಕ್ಕಿಂತಲೂ ಮಹತ್ತ್ವದ್ದು, ವರ್ಷದ ಅತ್ಯುತ್ತಮ ಚಿತ್ರಕ್ಕೆ ಓದುಗರ ಮತದ ಮೇಲೆ ಕೊಡುತ್ತಿದ್ದ ಪದಕ. ೧೯೨೦ರ ಸಾಲಿಗೆ ‘ಹ್ಯೂಮರೆಸ್ಕ್’, ಮರುವರ್ಷದ ಸಾಲಿಗೆ ಹೆನ್ರಿ ಕಿಂಗ್ ನಿರ್ದೇಶಿಸಿದ ‘ಟಾಲಬಲ್ ಡೇವಿಡ್’, ೧೯೨೫ರ ಸಾಲಿಗೆ ‘ದಿ ಬಿಗ್ ಪೆರೇಡ್’ ಈ ಗೌರವವನ್ನು ಪಡೆದವು. ಅಕಾಡೆಮಿ ಪ್ರಶಸ್ತಿಗಳ ಪ್ರದಾನ ಆರಂಭವಾದುದು ೧೯೨೯ರಲ್ಲಿ. ಅಲ್ಲಿ ತೀರ್ಪು ಕೊಡುವವರು ಉದ್ಯಮದವರೇ. ಇಲ್ಲಿಯಾದರೋ ಟಿಕೆಟು ಕೊಂಡು ಚಿತ್ರ ನೋಡಿದವರು. ಹಳ್ಳಿಯ ಬಾಳನ್ನು ಆಡಂಬರವಿಲ್ಲದೆ ಚಿತ್ರಿಸಿದ ‘ಟಾಲಬಲ್ ಡೇವಿಡ್’ ಅವರ ಮೆಚ್ಚುಗೆಗೆ ಪಾತ್ರವಾಯಿತೆಂಬುದನ್ನು ನೆನೆದರೆ, ಅಭಿಮಾನಿ ಎಂದರೆ ವಿವೇಕಹೀನನೆಂಬ ಮಾತು ನಿಲ್ಲುವುದಿಲ್ಲ.

ಹೀಗಿದ್ದರೂ ಪತ್ರಿಕೆಯ ಸ್ವಾತಂತ್ರ್ಯಕ್ಕೆ ಒಂದು ಮಿತಿಯಿತ್ತು. ತಾರೆಯರ ಭೇಟಿಯೂ ಭಾವಚಿತ್ರಗಳೂ ಬಹುಮಟ್ಟಿಗೆ ದೊರೆಯುತ್ತಿದ್ದುದು ಸ್ಟುಡಿಯೋಗಳ ಪ್ರಚಾರ ವಿಭಾಗಗಳ ಮೂಲಕ. ಉಣಿಸುವ ಕೈಯನ್ನು ಕಚ್ಚುವುದು ಯಾವ ಸಂಪಾದಕನಿಗೂ ಸುಲಭವಲ್ಲ. ೧೯೩೪ರಲ್ಲಿ ಪತ್ರಿಕೆ ಮ್ಯಾಕ್‌ಫ್ಯಾಡನ್ ಸಂಸ್ಥೆಯ ವಶವಾಯಿತು. ೧೯೩೯ರ ಜನವರಿ ಸಂಚಿಕೆಯಲ್ಲಿ, ವಿವಾಹವಾಗದೆ ದಂಪತಿಗಳಂತೆ ಬಾಳುತ್ತಿದ್ದ ಹಾಲಿವುಡ್ ಜೋಡಿಗಳನ್ನು ಹೆಸರಿಸಿದ ಲೇಖನವೊಂದು ಪ್ರಕಟವಾಗಿ ಕೋಲಾಹಲವೆದ್ದಿತು. ಹೆಸರಿಸಲ್ಪಟ್ಟವರಲ್ಲಿ ಕ್ಲಾರ್ಕ್ ಗೇಬಲ್ ಮತ್ತು ಕ್ಯಾರೊಲ್ ಲೊಂಬಾರ್ಡ್ ಅದೇ ಮಾರ್ಚಿಯಲ್ಲಿ ವಿವಾಹವಾದರು. ಲೇಖನವೇ ವಿವಾಹಕ್ಕೆ ಕಾರಣವೆನ್ನಲು ಮನಸ್ಸು ಹಾತೊರೆಯುತ್ತದೆ. ಆದರೆ ಗೇಬಲ್ ತಮ್ಮ ಹಿಂದಿನ ವಿವಾಹದಿಂದ ಬಿಡುಗಡೆ ಹೊಂದಿದುದೂ ಅದೇ ತಿಂಗಳಲ್ಲಿ. ಒಂದರ ಬೆನ್ನಿಗೆ ಬಂದುದೆಲ್ಲವೂ ಅದರ ಫಲವಲ್ಲ. ಇಂಥ ಪತ್ರಿಕೆಗಳನ್ನು ಆಕರವಾಗಿ ಬಳಸುವವರು ಈ ಎಚ್ಚರವನ್ನು ಮರೆಯಲಾಗದು.

ಮುಂದೆ ೧೯೪೧ರಲ್ಲಿ ‘ಮೂವಿ ಮಿರರ್’ ಪತ್ರಿಕೆ ಇದರಲ್ಲಿ ವಿಲೀನವಾಯಿತು. ೧೯೮೦ರಲ್ಲಿ ‘ಫೋಟೋಪ್ಲೇ’ ನಿಂತುಹೋಯಿತು. ಅದರ ಹಳೆಯ ಸಂಚಿಕೆಗಳು ಇಂದು ಅಂತರಜಾಲದ ಸಂಗ್ರಹಗಳಲ್ಲಿ ಯಾವ ವಿದ್ಯಾರ್ಥಿಗಾದರೂ ದೊರೆಯುತ್ತವೆ.

ಇಷ್ಟರಿಂದ ನಾವು ಕಾಣುವುದೇನು? ಪದಕದ ದಿನಗಳಲ್ಲಿ ಪತ್ರಿಕೆ ಓದುಗನನ್ನು ತೀರ್ಪುಗಾರನ ಪೀಠದಲ್ಲಿ ಕೂರಿಸಿತು. ೧೯೩೯ರ ಲೇಖನದಂಥವುಗಳಲ್ಲಿ ಅವನನ್ನು ಬಾಗಿಲಿನ ಸಂದಿಯಲ್ಲಿ ನಿಲ್ಲಿಸಿತು. ಕುತೂಹಲ ಎರಡರಲ್ಲಿಯೂ ಇದೆ. ಗೌರವ ಮೊದಲನೆಯದರಲ್ಲಿ ಮಾತ್ರ. ತಾರೆಯರ ಜೀವನವನ್ನು ತಿಳಿಯಲು ಈ ಪುಟಗಳು ನಂಬತಕ್ಕ ಸಾಕ್ಷಿಯಲ್ಲ. ಆದರೆ ಒಂದು ಕಾಲದ ಜನ ಏನನ್ನು ಮೆಚ್ಚಿದರು, ಏನನ್ನು ಬಯಸಿದರು, ಅವರ ಬಯಕೆಯನ್ನು ಉದ್ಯಮ ಹೇಗೆ ತಿದ್ದಿತು ಎಂಬುದಕ್ಕೆ ಇವಕ್ಕಿಂತ ನೇರವಾದ ಸಾಕ್ಷಿ ವಿರಳ. ಆದುದರಿಂದ ಇವನ್ನು ನಂಬಿಯೂ ಓದಬಾರದು, ನಕ್ಕು ಬದಿಗಿಡಲೂ ಬಾರದು. ಪ್ರಶ್ನಿಸುತ್ತ ಓದಬೇಕೆಂಬುದು ನಮ್ಮ ಅಭಿಪ್ರಾಯ.